ಗರಗಸ ಕೊನೆಗೆ: ಹಳೆಯ ಎಂಟಿಬಿಗೆ ಹೊಸ ಫೋರ್ಕ್ ಕೂರಿಸಿದ್ದು

ಮಳೆಗಾಲ ಮುಗಿದ ಮೇಲೆ ಅಣ್ಣನ ಮಗ ತನ್ನ ಸೈಕಲ್ ತಳ್ಳಿಕೊಂಡು ನಮ್ಮ ಮನೆಗೆ ಬಂದ. 2016ರಲ್ಲಿ ಕೊಂಡ ಅಲ್ಯೂಮಿನಿಯಂ ಹಾರ್ಡ್‌ಟೇಲ್ ಎಂಟಿಬಿ, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್. 27.5 ಇಂಚಿನ ಚಕ್ರ. ಫ್ರೇಮ್ ಇನ್ನೂ ಗಟ್ಟಿಯಾಗಿದೆ, ಎಲ್ಲೂ ಬಿರುಕಿಲ್ಲ. ಮುಂದಿನ ಚಕ್ರ ಹಿಡಿದು ಕುಲುಕಾಟ ತಡೆಯುವ ಫೋರ್ಕ್ ಮಾತ್ರ ಮುಗಿದುಹೋಗಿತ್ತು. ಒಳಗೆ ಹೋಗಿ ಬರುವ ಹೊಳೆಯುವ ಕೊಳವೆಗಳ ಮೇಲೆ ತುಕ್ಕಿನ ಚುಕ್ಕಿಗಳು. ಸೀಲ್ ಸುತ್ತ ಕಂದು ಬಣ್ಣದ ಎಣ್ಣೆ ಕೆಸರು. ಬ್ರೇಕ್ ಹಿಡಿದು ಹ್ಯಾಂಡಲ್ ಹಿಂದೆ ಮುಂದೆ ಆಡಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಆ ಕೊಳವೆಗಳು ಜಾರುವ ಒಳಬಳೆ, ಅಂದರೆ ಬುಶಿಂಗ್, ಸವೆದಿತ್ತು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಕಲ್ಲುದಾರಿಯಲ್ಲಿ ಎಂಟು ವರ್ಷ ದುಡಿದ ಸ್ಪ್ರಿಂಗ್ ಫೋರ್ಕ್ ಅದು. ರಿಪೇರಿಗೆ ಬೇಕಾದ ಬುಶಿಂಗ್ ಸಿಗಲಿಲ್ಲ. ಹೊಸದೇ ಹಾಕೋಣ ಅಂತ ತೀರ್ಮಾನಿಸಿದೆವು. ಈ ಸಲ ಏರ್ ಫೋರ್ಕ್, ಸ್ಪ್ರಿಂಗ್ ಬದಲು ಗಾಳಿ ತುಂಬುವಂಥದ್ದು.

ಈ ಕೆಲಸಕ್ಕೆ ಮೂರು ಶನಿವಾರ ಹಿಡಿಯಿತು. ಸ್ಪ್ಯಾನರ್ ಹಿಡಿದದ್ದು ಕಡಿಮೆ, ಸ್ಕೇಲ್ ಮತ್ತು ವರ್ನಿಯರ್ ಹಿಡಿದದ್ದೇ ಜಾಸ್ತಿ. ಯಾಕೆ ಅಂದ್ರೆ ಫೋರ್ಕ್ ಕೂರಿಸುವುದರಲ್ಲಿ ಬಹುತೇಕ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಬಹುದು. ಸ್ಟೀರರ್ ಟ್ಯೂಬ್ ಕತ್ತರಿಸುವುದನ್ನು ಬಿಟ್ಟು. ಫೋರ್ಕ್‌ನಿಂದ ಫ್ರೇಮ್ ಒಳಗೆ ಹಾದು ಮೇಲೆ ಬರುವ ಕೊಳವೆ ಇದೆಯಲ್ಲ, ಅದು. ಹ್ಯಾಂಡಲ್ ಕೂರುವ ಸ್ಟೆಮ್ ಹಿಡಿಯುವುದು ಅದನ್ನೇ. ಒಮ್ಮೆ ಗಿಡ್ಡವಾದರೆ ಉದ್ದ ಮಾಡೋಕೆ ಆಗಲ್ಲ. ಆ ಕೊಳವೆ ಮಾತ್ರ ಬೇರೆಯಾಗಿ ಸಿಗುವುದೂ ಇಲ್ಲ. ಈಗಿನ ಫೋರ್ಕ್‌ಗಳಲ್ಲಿ ಸ್ಟೀರರ್, ಕಾಲುಗಳನ್ನು ಮೇಲೆ ಸೇರಿಸುವ ತಲೆ ಅಂದರೆ ಕ್ರೌನ್, ಮತ್ತು ಹೊಳೆಯುವ ಎರಡು ಕಾಲುಗಳನ್ನು ಕಾರ್ಖಾನೆಯಲ್ಲೇ ಒತ್ತಿ ಒಂದೇ ತುಂಡು ಮಾಡಿರುತ್ತಾರೆ. ಬದಲಾಯಿಸಬೇಕಾದರೆ ಆ ಇಡೀ ತುಂಡೇ ಬೇಕು. ಅದಕ್ಕೆ ಹೊಸ ಫೋರ್ಕ್‌ನ ಅರ್ಧದಷ್ಟಾದರೂ ದುಡ್ಡು ಹೋಗುತ್ತದೆ.

ನಾನು ಇದನ್ನು ಕಷ್ಟಪಟ್ಟೇ ಕಲಿತಿದ್ದೇನೆ. ಕೆಲವು ವರ್ಷದ ಹಿಂದೆ ಗೆಳೆಯನೊಬ್ಬನ ಸೈಕಲ್‌ಗೆ ಫೋರ್ಕ್ ಹಾಕುವಾಗ ಹಳೆಯ ಸ್ಟೀರರ್ ಪಕ್ಕದಲ್ಲಿ ಹೊಸದನ್ನು ಮಲಗಿಸಿ, ಅದೇ ಉದ್ದಕ್ಕೆ ಗುರುತು ಹಾಕಿ ಕತ್ತರಿಸಿಬಿಟ್ಟೆ. ಹೆಡ್‌ಸೆಟ್ ಅಂದರೆ ಹ್ಯಾಂಡಲ್ ತಿರುಗಲು ಇರುವ ಬೇರಿಂಗ್ ಜೋಡಿ. ಅದರ ಕೆಳಗಿನ ಬೇರಿಂಗ್ ಕೂರುವ ಕಪ್ ಬದಲಾಗಿತ್ತು, ಹಳೆಯದಕ್ಕಿಂತ 10 ಮಿ.ಮೀ. ಎತ್ತರವಿತ್ತು. ಅದು ಲೆಕ್ಕಕ್ಕೇ ಬರಲಿಲ್ಲ. ಅವನ ಸೈಕಲ್‌ನಲ್ಲಿ ಸ್ಟೆಮ್ ಎತ್ತರಿಸುವ ಬಳೆ, ಅಂದರೆ ಸ್ಪೇಸರ್, ಇರಲೇ ಇಲ್ಲ. 40 ಮಿ.ಮೀ. ಎತ್ತರದ ಸ್ಟೆಮ್‌ಗೆ ಹಿಡಿಯಲು ಸಿಕ್ಕಿದ್ದು ಬರೀ 27 ಮಿ.ಮೀ. ಕೊಳವೆ. ಸ್ಟೆಮ್‌ನ ಮೇಲಿನ ಬೋಲ್ಟ್ ಹೆಚ್ಚು ಕಡಿಮೆ ಗಾಳಿಯನ್ನೇ ಹಿಡಿದಿತ್ತು. ಇಳಿಜಾರಿನಲ್ಲಿ ಹ್ಯಾಂಡಲ್ ಕೈಗೆ ಬರುವಂಥ ಸ್ಥಿತಿ. ಆ ಸೈಕಲ್ ಅವನು ಹತ್ತುವ ಮೊದಲೇ ಅದು ಕಣ್ಣಿಗೆ ಬಿತ್ತು, ಬಿಚ್ಚಿಟ್ಟೆ. ಅವತ್ತಿನಿಂದ ಗರಗಸ ಕೊನೆಗೆ ಅನ್ನುವುದು ನನ್ನ ಕಟ್ಟುನಿಟ್ಟು.

ಕೊಳ್ಳುವ ಮೊದಲು

ಹುಡುಗನಿಗೆ 130 ಮಿ.ಮೀ. ಟ್ರಾವೆಲ್ ಇರುವ, ಅಂದರೆ ಅಷ್ಟು ಕುಸಿಯುವ ಫೋರ್ಕ್ ಮೇಲೆ ಆಸೆ.

"ಚಿಕ್ಕಪ್ಪ, ಹೆಂಗಿದ್ರೂ ಹೊಸದು ತಗೋತಿದೀವಿ. ಸ್ವಲ್ಪ ದೊಡ್ಡದೇ ತಗೊಳ್ಳೋಣ."

"ಬೇಡ ಕಣೋ. ನಿನ್ನ ಫ್ರೇಮ್ 100ಕ್ಕೆ ಮಾಡಿದ್ದು."

ಇದು ಬರೀ ಆರಾಮದ ಪ್ರಶ್ನೆ ಅಲ್ಲ. ಮುಂಭಾಗ 20 ಮಿ.ಮೀ. ಎತ್ತರವಾದರೆ ಹೆಡ್ ಟ್ಯೂಬ್‌ನ, ಅಂದರೆ ಸ್ಟೀರರ್ ಹಾಯುವ ಫ್ರೇಮ್‌ನ ಮುಂದಿನ ಕೊಳವೆಯ, ಕೋನ ಸುಮಾರು 1 ಡಿಗ್ರಿ ಮಲಗುತ್ತದೆ. ಪೆಡಲ್ ಇರುವ ಭಾಗವೂ ಮೇಲೇಳುತ್ತದೆ, ಸವಾರ ಹಿಂದಕ್ಕೆ ವಾಲುತ್ತಾನೆ. ಏರು ಹತ್ತುವಾಗ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಓಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಉದ್ದದ ಫೋರ್ಕ್ ಸನ್ನೆಕೋಲಿನ ಹಾಗೆ ಹೆಡ್ ಟ್ಯೂಬ್ ಬೆಸುಗೆಯ ಮೇಲೆ ಮೀಟುತ್ತದೆ. ಕಲ್ಲಿಗೆ ಹೊಡೆದಾಗಲೆಲ್ಲ ಆ ಬೆಸುಗೆ ಜಾಸ್ತಿ ಹೊರೆ ತಿನ್ನುತ್ತದೆ. ಇಂಥ ಫ್ರೇಮ್‌ಗೆ 100 ಸರಿ. ತಯಾರಕರು ಒಪ್ಪಿದ್ದರೆ 120. ಅದರ ಆಚೆಗೆ ನಾನು ಹೋಗಲ್ಲ.

ಟ್ರಾವೆಲ್ ಒಂದೇ ಇದ್ದರೂ ಎತ್ತರ ಒಂದೇ ಇರಬೇಕೆಂದಿಲ್ಲ. ಅಳೆಯಬೇಕಾದದ್ದು ಚಕ್ರದ ಆಕ್ಸಲ್ ನಡುವಿನಿಂದ ಸ್ಟೀರರ್ ಬುಡದ ಬಳೆ (ಕ್ರೌನ್ ರೇಸ್) ಕೂರುವ ಮೆಟ್ಟಿಲಿನವರೆಗಿನ ಉದ್ದ. ನಮ್ಮ ಹಳೆಯದು 490 ಮಿ.ಮೀ. ಇತ್ತು. ಆರಿಸಿಕೊಂಡ ಹೊಸದು 495.

ಇನ್ನು ಸ್ಟೀರರ್ ಆಕಾರ. ಹಳೆಯದು ಮೇಲಿಂದ ಕೆಳಗೆ ಒಂದೇ ದಪ್ಪ, 28.6 ಮಿ.ಮೀ., ಅಂದರೆ 1⅛ ಇಂಚು. ಈಗ ಬರುವ ಒಳ್ಳೆಯ ಫೋರ್ಕ್‌ಗಳೆಲ್ಲ ಹೆಚ್ಚಾಗಿ ಟೇಪರ್. ಮೇಲೆ 1⅛, ಬುಡದಲ್ಲಿ 1½ ಇಂಚು. ಟೇಪರ್ ಫೋರ್ಕ್ ಹಳೆಯ ಫ್ರೇಮ್‌ಗೆ ಆಗುವುದೇ ಇಲ್ಲ ಅಂತ ಕೆಲವರು ಕೈಬಿಡುತ್ತಾರೆ. ಕೆಲವರು ನೋಡದೇ ತರಿಸಿ ತಲೆ ಕೆಡಿಸಿಕೊಳ್ಳುತ್ತಾರೆ. ನೋಡಬೇಕಾದದ್ದು ಹೆಡ್ ಟ್ಯೂಬ್‌ನ ಒಳ ಅಳತೆ. ಅದು 34 ಮಿ.ಮೀ. ಇದ್ದರೆ ಟೇಪರ್ ಮರೆತುಬಿಡಿ. 44 ಇದ್ದರೆ ದಾರಿ ಇದೆ. ಕೆಳಗೆ ಹೊರಚಾಚಿದ ಕಪ್ ಹಾಕಿದರೆ ಟೇಪರ್ ಬುಡಕ್ಕೆ ಜಾಗ ಸಿಗುತ್ತದೆ. ಡಬ್ಬಿಯ ಮೇಲೆ ಇಸಿ 44/40 ಅಂತ ಬರೆದಿರುತ್ತದೆ. 44 ಅನ್ನುವುದು ಫ್ರೇಮ್‌ನ ರಂಧ್ರ, 40 ಅನ್ನುವುದು ಫೋರ್ಕ್ ಬುಡ. ನಮ್ಮದು 44. ಹಳೆಯ ಕೆಳಗಿನ ಕಪ್ ಫ್ರೇಮ್ ಒಳಗೇ ಅಡಗಿ ಕೂತಿತ್ತು.

ಆಕ್ಸಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ಮುಂದಿನ ಹಬ್ 100 ಮಿ.ಮೀ. ಅಗಲ, ಲಿವರ್‌ನಿಂದ ಬಿಗಿಯುವ 9 ಮಿ.ಮೀ. ಕ್ವಿಕ್ ರಿಲೀಸ್. ಅಂಗಡಿಯಲ್ಲಿ ಸಿಗುವ ಫೋರ್ಕ್‌ಗಳಲ್ಲಿ 15×100 (ಆಕ್ಸಲ್ ದಪ್ಪ 15, ಹಬ್ ಅಗಲ 100) ಇರುತ್ತದೆ, ಬೂಸ್ಟ್ ಅನ್ನುವ 15×110 ಇರುತ್ತದೆ. ಎರಡೂ 15 ಅಂತ ನೋಡಿ ಒಂದೇ ಅಂದುಕೊಳ್ಳಬೇಡಿ, 10 ಮಿ.ಮೀ. ವ್ಯತ್ಯಾಸ ಇದೆ. ಕೆಲವು ಹಬ್‌ಗಳ ತುದಿ ಬದಲಿಸಿ 15ಕ್ಕೆ ಹೊಂದಿಸಬಹುದು. ಬಾಲ್ಸ್ ಮತ್ತು ಕೋನ್ ಇರುವ ಮಾಮೂಲಿ ಹಬ್‌ಗೆ ಆಗಲ್ಲ. ಹೊಸ ಚಕ್ರ ಕಟ್ಟಿಸುವ ದುಡ್ಡು ನಮ್ಮಲ್ಲಿ ಇರಲಿಲ್ಲ. ಟೇಪರ್ ಸ್ಟೀರರ್ ಜೊತೆ 9 ಮಿ.ಮೀ. ಕ್ವಿಕ್ ರಿಲೀಸ್ ಇರುವುದನ್ನೇ ಹುಡುಕಿದೆವು. ಬ್ರೇಕ್ ಕೂರುವ ಜಾಗವೂ ಹಳೆಯದರ ಹಾಗೇ 160 ಮಿ.ಮೀ. ಡಿಸ್ಕ್‌ಗೆ ಇತ್ತು. ಅದು 180ಕ್ಕೆ ಮಾಡಿದ ಫೋರ್ಕ್ ಆಗಿದ್ದರೆ ನಮ್ಮ 160ರ ಡಿಸ್ಕ್ ಕೂರುತ್ತಲೇ ಇರಲಿಲ್ಲ. ಚಿಕ್ಕದರಿಂದ ದೊಡ್ಡದಕ್ಕೆ ಅಡಾಪ್ಟರ್ ಸಿಗುತ್ತದೆ, ದೊಡ್ಡದರಿಂದ ಚಿಕ್ಕದಕ್ಕೆ ಇಲ್ಲ.

ಮೊದಲ ಶನಿವಾರ: ಬಿಚ್ಚಿದ್ದು

ಬಿಚ್ಚುವ ಮೊದಲು ಹಳೆಯ ಸ್ಥಿತಿಯ ಫೋಟೋ ತೆಗೆದೆವು. ನೆಲದಿಂದ ಹ್ಯಾಂಡಲ್ ಎಷ್ಟು ಎತ್ತರ, ಸ್ಟೆಮ್ ಕೆಳಗೆ ಎಷ್ಟು ಸ್ಪೇಸರ್, ಎಲ್ಲ ಒಂದು ನೋಟ್‌ಬುಕ್‌ಗೆ. ಬರೆಯುವ ಕೆಲಸ ಹುಡುಗನದು.

ಬ್ರೇಕ್ ಕ್ಯಾಲಿಪರ್ ಬಿಚ್ಚಿ ಫ್ರೇಮ್‌ಗೆ ದಾರದಲ್ಲಿ ಕಟ್ಟಿದೆವು, ಹೋಸ್ ಮೇಲೆ ಜೋತುಬೀಳಬಾರದು ಅಂತ. ಪ್ಯಾಡ್ ನಡುವೆ ಮಡಿಸಿದ ರಟ್ಟಿನ ತುಂಡು. ಡಿಸ್ಕ್ ಇಲ್ಲದಾಗ ಯಾರಾದರೂ ಅಭ್ಯಾಸಬಲದಿಂದ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಆಮೇಲೆ ಸ್ಟೆಮ್ ಮೇಲ್ತುದಿಯ ಟಾಪ್ ಕ್ಯಾಪ್, ಸ್ಟೆಮ್. ಫೋರ್ಕ್ ಕೈಗೆ ಬಂತು.

ಮೇಲಿನ ಕಪ್ ಚೆನ್ನಾಗೇ ಇತ್ತು, ಹಾಗೇ ಬಿಟ್ಟೆವು. ಕೆಳಗಿನದನ್ನು ತೆಗೆಯಬೇಕಿತ್ತು. ಮೇಲಿಂದ ಕಬ್ಬಿಣದ ಸರಳು ಇಳಿಸಿ, ಕಪ್‌ನ ಒಳ ಅಂಚಿಗೆ ಇಟ್ಟು ಸುತ್ತಿಗೆಯಿಂದ ಸಣ್ಣಗೆ ತಟ್ಟುವುದು. ಒಂದೇ ಕಡೆ ಹೊಡೆದರೆ ಕಪ್ ಓರೆಯಾಗಿ ಫ್ರೇಮ್‌ನ ರಂಧ್ರವನ್ನು ಕೆರೆಯುತ್ತದೆ. ಎಡಕ್ಕೊಂದು ಏಟು, ಬಲಕ್ಕೊಂದು, ಹಿಂದೊಂದು, ಮುಂದೊಂದು. ಹತ್ತು ನಿಮಿಷದಲ್ಲಿ ಕಳಚಿತು. ಒಳಗೆ ಹಳೆಯ ಗ್ರೀಸ್ ಗಟ್ಟಿಯಾಗಿ ಬೆಲ್ಲದ ಹಾಗೆ ಅಂಟಿತ್ತು. ಸೀಮೆಎಣ್ಣೆ ಹಚ್ಚಿ ಒರೆಸಿ, ರಂಧ್ರವನ್ನು ನಾಲ್ಕು ದಿಕ್ಕಿನಲ್ಲಿ ಅಳೆದೆವು. ಎಲ್ಲ ಕಡೆ ಒಂದೇ ಅಳತೆ.

ಹೊಸ ಕಪ್ ಕೂರಿಸಲು ವಿಶೇಷ ಪ್ರೆಸ್ ಬೇಕಾಗಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ 12 ಮಿ.ಮೀ. ಥ್ರೆಡ್ ರಾಡ್, ಎರಡು ನಟ್, ದಪ್ಪ ವಾಷರ್‌ಗಳು ಸಿಕ್ಕವು. ಮೇಲಿನ ಕಪ್‌ಗೆ ಏಟಾಗದಂತೆ ಅದರ ಮೇಲೆ ಮರದ ತುಂಡು. ಹೊಸ ಕಪ್‌ನಿಂದ ಬೇರಿಂಗ್ ಮೊದಲೇ ತೆಗೆದಿಟ್ಟಿದ್ದೆ, ಇಲ್ಲದಿದ್ದರೆ ಒತ್ತಡ ಬೇರಿಂಗ್ ಮೇಲೆ ಬೀಳುತ್ತದೆ. ಗ್ರೀಸ್ ಹಚ್ಚಿ ಅರ್ಧರ್ಧ ಸುತ್ತು ತಿರುಗಿಸಿದೆವು. ಮೊದಲ ಸಲ ಕಪ್ ಒಂದು ಕಡೆ ವಾಲಿತು. ಬಿಚ್ಚಿ ಮತ್ತೆ ಶುರು ಮಾಡಿದೆವು. ಎರಡನೇ ಸಲ ನೆಟ್ಟಗೆ ಹೋಯಿತು. ಫ್ರೇಮ್‌ಗೂ ಕಪ್‌ಗೂ ನಡುವೆ ಕಾಗದದ ತುದಿ ಕೂಡ ನುಸುಳದಿದ್ದಾಗ ನಿಲ್ಲಿಸಿದೆವು.

ಲೇತ್ ಅಂಗಡಿಯಲ್ಲಿ

ಕ್ರೌನ್ ರೇಸ್ ಅಂದರೆ ಫೋರ್ಕ್ ಬುಡದಲ್ಲಿ ಕೂರುವ ಸಣ್ಣ ಬಳೆ. ಕೆಳಗಿನ ಬೇರಿಂಗ್ ಅದರ ಮೇಲೆ ಕೂರುತ್ತದೆ. ಹಳೆಯ ಫೋರ್ಕ್‌ನ ಬಳೆ 30 ಮಿ.ಮೀ. ಬುಡಕ್ಕೆ ಮಾಡಿದ್ದು. ಹೊಸದರ ಬುಡ 39.8. ಅಂದರೆ ಹಳೆಯದು ಉಪಯೋಗಕ್ಕೆ ಬಾರದು. ಹೊಸ ಕಪ್ ಜೊತೆ ಬಂದ ಬಳೆಯನ್ನೇ ಹಾಕಬೇಕು. ಕೆಲವು ಬಳೆಗಳಲ್ಲಿ ಒಂದು ಸೀಳು ಇರುತ್ತದೆ, ಕೈಯಲ್ಲೇ ಒತ್ತಿ ಕೂರಿಸಬಹುದು. ನಮ್ಮದರಲ್ಲಿ ಸೀಳು ಇರಲಿಲ್ಲ. ಬಿಗಿಯಾಗಿ ಒತ್ತಿ ಕೂರಿಸಬೇಕಿತ್ತು.

ಇಲ್ಲಿ ಜನ ಸ್ಕ್ರೂಡ್ರೈವರ್ ಇಟ್ಟು ಹೊಡೆಯುತ್ತಾರೆ. ಬಳೆ ಓರೆಯಾಗುತ್ತದೆ, ಬೇರಿಂಗ್ ಕೂರುವ ಮೈಗೆ ಗಾಯವಾಗುತ್ತದೆ. ಹ್ಯಾಂಡಲ್ ಒಂದು ಜಾಗದಲ್ಲಿ ಸಿಕ್ಕಿಕೊಂಡ ಹಾಗೆ ಅನ್ನಿಸುವುದು ಹೀಗೇ ಶುರುವಾಗುತ್ತದೆ. ನಾನು ಫೋರ್ಕ್ ತೆಗೆದುಕೊಂಡು ಪರಿಚಯದ ಲೇತ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಮೋಟಾರ್ ಪಂಪಿನ ಶಾಫ್ಟ್, ಟ್ರ್ಯಾಕ್ಟರ್ ಬುಶ್ ತಿರುಗಿಸುವವರು. ಸೈಕಲ್ ಫೋರ್ಕ್ ಅವರಿಗೆ ಹೊಸತು. ಬಳೆಯನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿದರು.

"ಸಾರ್, ಇದರಲ್ಲಿ ಎಲ್ಲಿ ಹೊಡೀಬಾರದು ಅಂತ ಮೊದಲು ಹೇಳಿ. ಎಲ್ಲಿ ಹೊಡೀಬೇಕು ಅಂತ ಆಮೇಲೆ ನೋಡೋಣ."

"ಈ ಓರೆ ಮುಖ ಇದೆಯಲ್ಲ ಭಾಯ್, ಬೇರಿಂಗ್ ಇಲ್ಲಿ ಕೂರೋದು. ಇದನ್ನ ಮುಟ್ಟೋ ಹಾಗಿಲ್ಲ. ಹೊರಗಿನ ಚಪ್ಪಟೆ ಅಂಚಿನ ಮೇಲೆ ಮಾತ್ರ."

ಅವರು ಒಂದು ನೈಲಾನ್ ತುಂಡು ತೆಗೆದುಕೊಂಡರು. ಲೇತ್‌ನಲ್ಲಿ ತಿರುಗಿಸಿ ತೋಳಿನ ಹಾಗೆ ಒಂದು ಬುಶ್ ಮಾಡಿದರು. ಒಳಗೆ ಸ್ಟೀರರ್ ಸಲೀಸಾಗಿ ಹೋಗಬೇಕು, ಕೆಳಗಿನ ತುದಿ ಬಳೆಯ ಚಪ್ಪಟೆ ಅಂಚಿನ ಮೇಲೆ ಮಾತ್ರ ಕೂರಬೇಕು. ಎರಡು ಸಲ ಹಾಕಿ ತೆಗೆದು ನೋಡಿದರು. ಮೂರನೇ ಸಲ ಸರಿ ಬಂತು. ನೈಲಾನ್ ಸುರುಳಿಗಳು ಬಿಳಿ ಶಾವಿಗೆಯ ಹಾಗೆ ಅವರ ಕಾಲಬುಡದಲ್ಲಿ ಬಿದ್ದಿದ್ದವು.

ಆಮೇಲೆ ಪ್ರಶ್ನೆ ಬಂತು. ಮೇಲಿಂದ ಹೊಡೆಯುವಾಗ ಫೋರ್ಕ್ ಎಲ್ಲಿ ಊರಬೇಕು? ಕಾಲುಗಳ ತುದಿ ನೆಲಕ್ಕೆ ಊರಿದರೆ ಏಟೆಲ್ಲ ಒಳಗಿನ ಏರ್ ಸ್ಪ್ರಿಂಗ್ ಮೂಲಕ ಹಾಯುತ್ತದೆ. ಏಟಿನ ಬಲ ಅರ್ಧ ಪುಟಿದು ಹೋಗುತ್ತದೆ, ಆಕ್ಸಲ್ ಕೂರುವ ತುದಿಗೂ ಪೆಟ್ಟು. ಟಯರ್ ಇರಬೇಕಾದ ಜಾಗದಲ್ಲಿ ಒಂದು ಮರದ ತುಂಡನ್ನು ನೆಟ್ಟಗೆ ನಿಲ್ಲಿಸಿ, ಕ್ರೌನ್‌ನ ಅಡಿ ಅದರ ಮೇಲೆ ಕೂರುವಂತೆ ಮಾಡಿದೆವು. ಎರಡು ಕಾಲೂ ಗಾಳಿಯಲ್ಲಿ. ಹುಡುಗ ಫೋರ್ಕ್ ಹಿಡಿದ. ಬುಡಕ್ಕೆ ತೆಳ್ಳಗೆ ಗ್ರೀಸ್. ಬುಶ್ ಇಳಿಸಿ, ಮೇಲೆ ಮರದ ಸುತ್ತಿಗೆಯಿಂದ ಏಟು. ಮೊದಮೊದಲು ಡಬ್ ಡಬ್ ಅಂತ ಮಂದ ಸದ್ದು. ಏಳೆಂಟು ಏಟಾದ ಮೇಲೆ ಸದ್ದು ಬದಲಾಯಿತು, ಗಟ್ಟಿಯಾಗಿ ಟಣ್ ಅಂತು.

"ಕೂತಿತು" ಅಂದರು ಭಾಯ್, ನೋಡುವ ಮೊದಲೇ.

ಟಾರ್ಚ್ ಹಿಡಿದು ಸುತ್ತ ನೋಡಿದೆವು. ಬಳೆಗೂ ಕ್ರೌನ್‌ಗೂ ನಡುವೆ ಎಲ್ಲೂ ಬೆಳಕಿನ ಗೆರೆ ಇಲ್ಲ. ಆ ನೈಲಾನ್ ಬುಶ್ ಈಗ ನನ್ನ ಟೂಲ್ ಡಬ್ಬಿಯಲ್ಲಿದೆ. ಕೊಟ್ಟ ಕೂಲಿಗಿಂತ ಹತ್ತುಪಟ್ಟು ಬೆಲೆಬಾಳುವ ವಸ್ತು.

ಎರಡನೇ ಶನಿವಾರ: ಕತ್ತರಿಸದೆ ಜೋಡಿಸಿ ನೋಡಿದ್ದು

ಉದ್ದದ ಸ್ಟೀರರ್ ಹಾಗೇ ಇರುವಾಗ ಎಲ್ಲವನ್ನೂ ಒಮ್ಮೆ ಪೂರ್ತಿ ಜೋಡಿಸಬೇಕು. ಇದನ್ನು ಬಿಡಬಾರದು. ಕೆಳಗಿನ ಬೇರಿಂಗ್, ಹೆಡ್ ಟ್ಯೂಬ್, ಮೇಲಿನ ಬೇರಿಂಗ್, ಅದರ ಮೇಲಿನ ಸೀಳಿದ ಬಳೆ, ಮುಚ್ಚಳ, ಸ್ಪೇಸರ್, ಸ್ಟೆಮ್. ಸ್ಟೆಮ್ ಮೇಲೆ ಒಂದು ಅಡಿಯ ಕೊಳವೆ ಆಕಾಶ ನೋಡುತ್ತಿದ್ದರೂ ಪರವಾಗಿಲ್ಲ.

ಹೀಗೆ ಮಾಡಿದ್ದಕ್ಕೇ ಒಂದು ತಪ್ಪು ಸಿಕ್ಕಿತು. ಹ್ಯಾಂಡಲ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಒತ್ತಿ ಹಿಡಿದರೂ ಬುಡದಲ್ಲಿ ಪ್ಲೇ, ಅಂದರೆ ಅಲುಗಾಟ. ಬಿಚ್ಚಿ ನೋಡಿದರೆ ಕೆಳಗಿನ ಬೇರಿಂಗ್ ತಲೆಕೆಳಗಾಗಿತ್ತು. ಈ ಬೇರಿಂಗ್‌ಗಳು ಎರಡೂ ಮುಖದಿಂದ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಬೆರಳಿಂದ ಸವರಿ ನೋಡಿದರೆ ಗೊತ್ತಾಗುತ್ತದೆ. ಒಂದು ಮುಖದಲ್ಲಿ ಒಳಗಿನ ಅಂಚು ಓರೆ, ಇನ್ನೊಂದು ಮುಖದಲ್ಲಿ ಹೊರಗಿನ ಅಂಚು ಓರೆ. ಕೆಳಗಿನ ಬೇರಿಂಗ್‌ನಲ್ಲಿ ಒಳ ಓರೆ ಕೆಳಕ್ಕೆ, ಕ್ರೌನ್ ರೇಸ್ ಕಡೆ. ಹೊರ ಓರೆ ಮೇಲಕ್ಕೆ, ಕಪ್ ಕಡೆ. ಮೇಲಿನ ಬೇರಿಂಗ್‌ನಲ್ಲಿ ಇದರ ಉಲ್ಟಾ. ಹುಡುಗನ ಬೆರಳು ಹಿಡಿದು ಎರಡೂ ಅಂಚು ಸವರಿಸಿದೆ. ಇನ್ನು ಅವನು ಕಣ್ಣು ಮುಚ್ಚಿಕೊಂಡೂ ಸರಿಯಾಗಿ ಹಾಕುತ್ತಾನೆ.

ಸರಿ ಮಾಡಿದ ಮೇಲೆ ಹ್ಯಾಂಡಲ್ ಬೆಣ್ಣೆಯ ಹಾಗೆ ತಿರುಗಿತು. ಈಗ ಲೆಕ್ಕ.

ಹುಡುಗ ಹಳೆಯ ಫೋರ್ಕ್ ಅಳೆದು 189 ಅಂತ ಬರೆದಿಟ್ಟಿದ್ದ.

"ಚಿಕ್ಕಪ್ಪ, ಇದೂ 189ಕ್ಕೇ ಕತ್ತರಿಸಿದ್ರೆ ಆಯ್ತಲ್ವಾ?"

ನನ್ನ ಹಳೆಯ ತಪ್ಪು ಅವನ ಬಾಯಲ್ಲಿ. ಅವನನ್ನು ಕೂರಿಸಿಕೊಂಡು ಒಂದೊಂದೇ ಸಂಖ್ಯೆ ಬರೆಸಿದೆ. ಹಳೆಯದರಲ್ಲಿ ಕೆಳಗಿನ ಕಪ್ 2 ಮಿ.ಮೀ., ಹೆಡ್ ಟ್ಯೂಬ್ 120, ಮೇಲಿನ ಕಪ್ ಮತ್ತು ಮುಚ್ಚಳ 10, ಸ್ಪೇಸರ್ 20, ಸ್ಟೆಮ್ 40. ಒಟ್ಟು 192. ಅದರಲ್ಲಿ 3 ಕಳೆದರೆ 189. ಹೊಸದರಲ್ಲಿ ಕೆಳಗಿನ ಕಪ್ 12. ಉಳಿದದ್ದೆಲ್ಲ ಅದೇ. ಒಟ್ಟು 202. ಮೂರು ಕಳೆದರೆ 199. ಬರೀ ಕೆಳಗಿನ ಕಪ್‌ನಿಂದ 10 ಮಿ.ಮೀ. ಫರಕು. ಅವನು ಎರಡು ಸಲ ಕೂಡಿ ನೋಡಿ ಸುಮ್ಮನಾದ.

ಆ 3 ಯಾಕೆ ಕಳೆಯಬೇಕು ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಟಾಪ್ ಕ್ಯಾಪ್ ಸ್ಟೆಮ್ಮನ್ನು ಕೆಳಕ್ಕೆ ಒತ್ತಬೇಕು. ಕೊಳವೆಯ ತುದಿ ಸ್ಟೆಮ್‌ನ ಮಟ್ಟಕ್ಕೇ ಇದ್ದರೆ ಕ್ಯಾಪ್ ಹೋಗಿ ಕೊಳವೆಗೇ ತಾಗುತ್ತದೆ. ಎಷ್ಟು ಬಿಗಿ ಮಾಡಿದರೂ ಬೇರಿಂಗ್ ಮೇಲೆ ಒತ್ತಡವೇ ಬೀಳಲ್ಲ, ಪ್ಲೇ ಹೋಗಲ್ಲ. ಹಾಗಾಗಿ ಕೊಳವೆ 3 ಮಿ.ಮೀ. ಕೆಳಗಿರಬೇಕು. ಅದಕ್ಕಿಂತ ತುಂಬಾ ಕೆಳಗಿದ್ದರೆ ಸ್ಟೆಮ್‌ನ ಹಿಡಿತ ಕಡಿಮೆಯಾಗುತ್ತದೆ.

ನಾವು 199ಕ್ಕೂ ಕತ್ತರಿಸಲಿಲ್ಲ. ಇನ್ನೂ 10 ಮಿ.ಮೀ. ಉಳಿಸಿಕೊಂಡು, ಸ್ಟೆಮ್ ಮೇಲೆ ಒಂದು ಸ್ಪೇಸರ್ ಹಾಕುವುದು ಅಂತ ತೀರ್ಮಾನ. ಅಂದರೆ 209. ಕಪ್‌ನಿಂದ 10, ಫೋರ್ಕ್ ಉದ್ದದಿಂದ 5, ಒಟ್ಟು 15 ಮಿ.ಮೀ. ಮುಂಭಾಗ ಎತ್ತರವಾಗಿದೆ. ಹ್ಯಾಂಡಲ್ ಎಲ್ಲಿರಬೇಕು ಅಂತ ಓಡಿಸಿ ನೋಡದೆ ಹೇಳೋಕೆ ಆಗಲ್ಲ. ಸ್ಪೇಸರ್ ಮೇಲೆ ಕೆಳಗೆ ಬದಲಾಯಿಸುತ್ತಾ ನೋಡಬಹುದು. ಬೇಕಾದರೆ ಆರು ತಿಂಗಳ ನಂತರ ಮತ್ತೆ 10 ಕತ್ತರಿಸಬಹುದು.

ಲೆಕ್ಕವನ್ನೂ ನಂಬಲಿಲ್ಲ. ಎಲ್ಲ ಜೋಡಿಸಿ, ಮೇಲಿನ ಸ್ಪೇಸರ್ ಕೂರಿಸಿ, ಹ್ಯಾಂಡಲ್ ಕೆಳಕ್ಕೆ ಒತ್ತಿ ಹಿಡಿದು, ಸ್ಪೇಸರ್ ಅಂಚಿಗೆ ಸರಿಯಾಗಿ ಮಾರ್ಕರ್‌ನಿಂದ ಗೆರೆ ಎಳೆದೆವು. ಬಿಚ್ಚಿ ಅಳೆದರೆ 212. ಮೂರು ಕಳೆದರೆ 209. ಲೆಕ್ಕವೂ ಗುರುತೂ ಕೂಡಿ ಬಂದವು. ಕೂಡಿ ಬರದಿದ್ದರೆ ಎಲ್ಲೋ ಒಂದು ತುಂಡು ಮರೆತಿದ್ದೇವೆ ಅಂತ ಅರ್ಥ, ಅವತ್ತು ಗರಗಸ ಮುಟ್ಟಬಾರದು.

ಕತ್ತರಿಸುವ ಮುಂಚೆ ಇನ್ನೊಂದು ಪರೀಕ್ಷೆ ಇತ್ತು. ಫೋರ್ಕ್‌ನ ಗಾಳಿ ಪೂರ್ತಿ ಬಿಟ್ಟು, ಚಕ್ರ ಹಾಕಿ, ತಳ ಮುಟ್ಟುವವರೆಗೆ ಒತ್ತಿದೆವು. ಟಯರ್ ಕ್ರೌನ್‌ಗೆ ತಾಗುತ್ತದಾ? ನಮ್ಮ 2.25 ಇಂಚಿನ ಟಯರ್‌ಗೆ 11 ಮಿ.ಮೀ. ಜಾಗ ಉಳಿಯಿತು. ತಾಗಿದ್ದರೆ ಮೊದಲ ದೊಡ್ಡ ಗುಂಡಿಯಲ್ಲಿ ಚಕ್ರ ಅಲ್ಲೇ ನಿಂತು ಸವಾರ ಮುಂದಕ್ಕೆ ಹಾರುತ್ತಾನೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಫೋರ್ಕ್ ತಲೆಯ ಮೇಲಿನ ತಿರುಪು ಫ್ರೇಮ್‌ನ ಕೆಳಗಿನ ಕೊಳವೆಗೆ ಬಡಿಯುತ್ತದಾ ಅಂತಲೂ ನೋಡಿದೆವು. ಬಡಿಯಲಿಲ್ಲ. ಇದನ್ನೆಲ್ಲ ಕತ್ತರಿಸುವ ಮುಂಚೆಯೇ ನೋಡಬೇಕು. ಕತ್ತರಿಸಿದ ಫೋರ್ಕನ್ನು ಯಾವ ಅಂಗಡಿಯವನೂ ವಾಪಸ್ ತಗೊಳ್ಳಲ್ಲ ಅಲ್ವಾ?

ಗರಗಸ

ಮ್ಯಾಗ್ನೆಟ್ ಇಟ್ಟು ನೋಡಿದೆ. ಅಂಟಲಿಲ್ಲ. ಅಲ್ಯೂಮಿನಿಯಂ ಕೊಳವೆ. ಇಂಚಿಗೆ 32 ಹಲ್ಲಿನ ಹೊಸ ಹ್ಯಾಕ್ಸಾ ಬ್ಲೇಡ್. ವೈಸ್‌ನಲ್ಲಿ ಹಿಡಿದದ್ದು ಸ್ಟೀರರ್ ಕೊಳವೆಯನ್ನು, ಎರಡೂ ಕಡೆ ಮರದ ಪಟ್ಟಿ ಕೊಟ್ಟು. ಹೊಳೆಯುವ ಕಾಲುಗಳನ್ನು ವೈಸ್‌ಗೆ ಕೊಡಲೇಬಾರದು. ಒಂದು ಗೀರು ಬಿದ್ದರೂ ಸೀಲ್ ಹರಿಯುತ್ತದೆ. ಕಾಲುಗಳಿಗೆ ಹಳೆಯ ಪಂಚೆ ಸುತ್ತಿದ್ದೆವು, ಪುಡಿ ಸೀಲ್ ಬಳಿ ಹೋಗಬಾರದು ಅಂತ.

ಗರಗಸ ನೆಟ್ಟಗೆ ಹೋಗಲು ಗೈಡ್ ಬೇಕು. ಗುರುತಿನ ಎರಡೂ ಪಕ್ಕದಲ್ಲಿ ನೀರಿನ ಪೈಪಿಗೆ ಹಾಕುವ ಹೋಸ್ ಕ್ಲಿಪ್ ಬಿಗಿದೆವು. ನಡುವೆ ಬ್ಲೇಡ್ ಹೋಗುವಷ್ಟು ಸಂದು. ಹುಡುಗನೇ ಕತ್ತರಿಸಲಿ ಅಂತ ಬಿಟ್ಟೆ. ಮೊದಲು ಸುತ್ತಲೂ ಒಂದು ಸಣ್ಣ ಕಾಲುವೆ ಮಾಡಿ, ಆಮೇಲೆ ಉದ್ದುದ್ದ ಎಳೆತ. ಅವಸರ ಮಾಡಲಿಲ್ಲ. ಕೊನೆಯ ಎರಡು ಮಿ.ಮೀ. ಬಂದಾಗ ನಾನು ತುಂಡನ್ನು ಕೈಯಲ್ಲಿ ಹಿಡಿದೆ, ಮುರಿದು ಬೀಳಬಾರದು ಅಂತ. ತುಂಡು ಕಳಚಿತು. 255ರ ಕೊಳವೆಯಿಂದ 46 ಮಿ.ಮೀ. ಹೋಯಿತು.

ಅರದಿಂದ ಹೊರ ಅಂಚನ್ನು ಸ್ವಲ್ಪ ಓರೆ ಮಾಡಿದೆವು, ಗುಂಡನೆಯ ಅರದಿಂದ ಒಳ ಅಂಚಿನ ಮುಳ್ಳು ತೆಗೆದೆವು. ಈ ಮುಳ್ಳು ಬಿಟ್ಟರೆ ಸ್ಟೆಮ್ ಒಳಮೈ ಕೆರೆಯುತ್ತದೆ, ಕೈಯನ್ನೂ ಸೀಳುತ್ತದೆ.

ಟಾಪ್ ಕ್ಯಾಪ್ ಬೋಲ್ಟ್ ಹಿಡಿಯುವ ನಕ್ಷತ್ರದ ಆಕಾರದ ನಟ್, ಅಂದರೆ ಸ್ಟಾರ್ ನಟ್, ಕೊಳವೆಯೊಳಗೆ ಕೂರಿಸುವಾಗ ಮತ್ತೆ ಅದೇ ಮರದ ತುಂಡು ಕ್ರೌನ್ ಕೆಳಗೆ. ನಕ್ಷತ್ರದ ತುದಿಗಳು ಮೇಲಕ್ಕೆ ನೋಡಬೇಕು. ಹಾಗಿದ್ದರೆ ಮಾತ್ರ ಬೋಲ್ಟ್ ಎಳೆದಷ್ಟೂ ಕೊಳವೆಯನ್ನು ಕಚ್ಚಿ ಹಿಡಿಯುತ್ತದೆ. 6 ಮಿ.ಮೀ.ಯ ಉದ್ದ ಬೋಲ್ಟ್ ಒಂದನ್ನು ಅದಕ್ಕೆ ತಿರುಗಿಸಿ, ಅದನ್ನೇ ಹಿಡಿಕೆ ಮಾಡಿಕೊಂಡು ತಟ್ಟಿದೆವು. ಬೋಲ್ಟ್ ವಾಲಿದರೆ ನಟ್ ವಾಲುತ್ತಿದೆ ಅಂತ ಕೂಡಲೇ ಕಾಣುತ್ತದೆ. ಕೊಳವೆ ತುದಿಯಿಂದ 15 ಮಿ.ಮೀ. ಒಳಗೆ ಹೋದಾಗ ನಿಲ್ಲಿಸಿದೆವು. ಕಾರ್ಬನ್ ಕೊಳವೆಗೆ ಮಾತ್ರ ಸ್ಟಾರ್ ನಟ್ ಹೊಡೆಯಲೇಬಾರದು, ಅದಕ್ಕೆ ಒಳಗಿಂದ ಅಗಲವಾಗುವ ಬೇರೆ ಪ್ಲಗ್ ಇದೆ.

ಮೂರನೇ ಶನಿವಾರ: ಬಿಗಿ ಮಾಡಿದ್ದು

ಟಾಪ್ ಕ್ಯಾಪ್ ಬೋಲ್ಟ್ ಹ್ಯಾಂಡಲ್ಲನ್ನು ಹಿಡಿದಿಡುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಅದರ ಕೆಲಸ ಬೇರಿಂಗ್ ಮೇಲೆ ಹದವಾದ ಒತ್ತಡ ಹಾಕುವುದು, ಅಷ್ಟೇ. ಹಿಡಿದಿಡುವುದು ಸ್ಟೆಮ್‌ನ ಪಕ್ಕದ ಎರಡು ಬೋಲ್ಟ್. ಆದ್ದರಿಂದ ಆ ಎರಡೂ ಸಡಿಲ ಇರುವಾಗಲೇ ಟಾಪ್ ಕ್ಯಾಪ್ ಬಿಗಿಯಬೇಕು.

ಅಲೆನ್ ಕೀಯನ್ನು ಎರಡೇ ಬೆರಳಲ್ಲಿ ಹಿಡಿದು ಕಾಲು ಸುತ್ತು ತಿರುಗಿಸುವುದು, ಪರೀಕ್ಷೆ ಮಾಡುವುದು, ಮತ್ತೆ ಸ್ವಲ್ಪ ತಿರುಗಿಸುವುದು. ಪರೀಕ್ಷೆ ಹೀಗೆ. ಹ್ಯಾಂಡಲ್ಲನ್ನು ಪಕ್ಕಕ್ಕೆ 90 ಡಿಗ್ರಿ ತಿರುಗಿಸಿ, ಮುಂದಿನ ಬ್ರೇಕ್ ಹಿಡಿದು, ಸೈಕಲ್ ಹಿಂದೆ ಮುಂದೆ ಆಡಿಸಿ. ಇನ್ನೊಂದು ಕೈಯ ಬೆರಳು ಕೆಳಗಿನ ಕಪ್ ಮತ್ತು ಕ್ರೌನ್ ಸೇರುವ ಗೆರೆಯ ಮೇಲೆ ಇರಲಿ. ಹ್ಯಾಂಡಲ್ ನೇರ ಇಟ್ಟು ಆಡಿಸಿದರೆ ಫೋರ್ಕ್ ಒಳಗಿನ ಬುಶಿಂಗ್‌ನ ಸಣ್ಣ ಅಲುಗಾಟವೂ ಸೇರಿಕೊಂಡು ಗೊಂದಲವಾಗುತ್ತದೆ. ಹೊಸ ಫೋರ್ಕ್‌ನಲ್ಲೂ ಅದು ಚೂರು ಇರುತ್ತದೆ. ಅದನ್ನು ಹೆಡ್‌ಸೆಟ್ ಸಡಿಲ ಅಂದುಕೊಂಡು ಟಾಪ್ ಕ್ಯಾಪ್ ಬಿಗಿದು ಬಿಗಿದು ಬೇರಿಂಗ್ ಹಾಳು ಮಾಡುವವರಿದ್ದಾರೆ.

ಬೆರಳಿಗೆ ಅಲುಗಾಟ ಗೊತ್ತಾಗುವುದು ನಿಂತ ಕೂಡಲೇ ಕೈ ಬಿಟ್ಟೆವು. ಮುಂದಿನ ಚಕ್ರ ಎತ್ತಿ ಹಿಡಿದರೆ ಹ್ಯಾಂಡಲ್ ತನ್ನಷ್ಟಕ್ಕೆ ಪಕ್ಕಕ್ಕೆ ವಾಲಬೇಕು. ವಾಲಿತು. ಸ್ಟೆಮ್ಮನ್ನು ಚಕ್ರದ ನೇರಕ್ಕೆ ತಂದು, ಎರಡು ಬೋಲ್ಟನ್ನು ಒಂದಾದ ಮೇಲೊಂದರಂತೆ ಬಿಗಿದು 5 ನ್ಯೂಟನ್ ಮೀಟರ್‌ಗೆ ತಂದೆವು. ನಮ್ಮ ಸ್ಟೆಮ್ ಮೇಲೆ ಬರೆದಿದ್ದು ಅಷ್ಟು.

ಬ್ರೇಕ್ ಕ್ಯಾಲಿಪರ್ ಬೋಲ್ಟ್ ಸಡಿಲ ಬಿಟ್ಟು, ಲಿವರ್ ಒತ್ತಿ ಹಿಡಿದು, ಹಾಗೇ ಬಿಗಿದರೆ ಅದು ತಾನೇ ಡಿಸ್ಕ್ ನಡುವೆ ಕೂರುತ್ತದೆ. ಹೋಸ್ ಎಡಗಾಲಿನ ಕ್ಲಿಪ್ ಒಳಗೆ ಹೋಯಿತು. ಫೋರ್ಕ್ ಪೂರ್ತಿ ಕುಸಿದಾಗ ಹೋಸ್ ಬಿಲ್ಲಿನ ಹಾಗೆ ಹೊರಗೆ ಬಾಗಿ ಟಯರ್‌ಗೆ ತಾಗದಂತೆ ನೋಡಿಕೊಂಡೆವು. ಕ್ವಿಕ್ ರಿಲೀಸ್ ಲಿವರ್ ಡಿಸ್ಕ್ ಇಲ್ಲದ ಬದಿಗೆ. ಮುಚ್ಚುವಾಗ ಅಂಗೈ ಮೇಲೆ ಅದರ ಅಚ್ಚು ಮೂಡುವಷ್ಟು ಬಿಗಿ ಬೇಕು.

ಗಾಳಿ ತುಂಬಲು ಶಾಕ್ ಪಂಪ್ ಬೇಕೇ ಬೇಕು. ಟಯರ್ ಪಂಪ್‌ನಿಂದ ಈ ಒತ್ತಡ, ಈ ಸಣ್ಣ ಪ್ರಮಾಣ ಹೊಂದಿಸಲು ಆಗಲ್ಲ. ಹುಡುಗ 68 ಕೆ.ಜಿ. ಫೋರ್ಕ್ ಕಾಲಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಅವನ ತೂಕಕ್ಕೆ ಹೇಳಿದಷ್ಟು ತುಂಬಿದೆವು. ಒಂದೇ ಸಲ ಅಲ್ಲ. ಸ್ವಲ್ಪ ತುಂಬಿ ನಾಲ್ಕೈದು ಸಲ ಒತ್ತಿ, ಮತ್ತೆ ತುಂಬಿ. ಒಳಗಿನ ಎರಡು ಕೋಣೆಗಳ ಗಾಳಿ ಸಮ ಆಗೋಕೆ ಇದು ಬೇಕು. ಆಮೇಲೆ ಅವನು ಹೆಲ್ಮೆಟ್, ನೀರಿನ ಬ್ಯಾಗ್ ಸಮೇತ ಗೋಡೆ ಹಿಡಿದು ಸೈಕಲ್ ಮೇಲೆ ನಿಂತ. ಫೋರ್ಕ್ ಎಷ್ಟು ಕುಸಿಯಿತು ಅಂತ ತೋರಿಸುವ ಕಾಲಿನ ಮೇಲಿನ ರಬ್ಬರ್ ಬಳೆ 17 ಮಿ.ಮೀ. ಸರಿಯಿತು. ನಮಗೆ ಬೇಕಾದದ್ದು 20. ಚೂರು ಗಾಳಿ ಬಿಟ್ಟೆವು, 20 ಬಂತು. ಪಂಪ್ ಕಳಚುವಾಗ ಉಸ್ ಅನ್ನುವುದು ಪಂಪ್ ಪೈಪಿನ ಗಾಳಿ, ಫೋರ್ಕಿನದಲ್ಲ. ಹೋಯಿತಲ್ಲ ಅಂತ ಮತ್ತೆ ಮತ್ತೆ ತುಂಬಬೇಡಿ.

ಬೆಟ್ಟದ ತಪ್ಪಲಿನಲ್ಲಿ

ಭಾನುವಾರ ಬೆಳಗ್ಗೆ ಆರಕ್ಕೆ ಹೊರಟೆವು. ಜೇಬಿನಲ್ಲಿ ಅಲೆನ್ ಕೀ, ಶಾಕ್ ಪಂಪ್. ಮೊದಲು ಲಲಿತಾದ್ರಿಪುರದ ಕಡೆ ಟಾರ್ ರಸ್ತೆಯಲ್ಲಿ ಬ್ರೇಕ್ ಪರೀಕ್ಷೆ. ಆಮೇಲೆ ಮಣ್ಣು, ಆಮೇಲೆ ಕಲ್ಲು. ಹುಡುಗ ಮುಂದೆ, ನಾನು ಹಿಂದೆ. ಹಳೆಯ ಫೋರ್ಕ್‌ನಲ್ಲಿ ಅವನ ಮೊಣಕೈ ಪ್ರತಿ ಕಲ್ಲಿಗೂ ಅದುರುತ್ತಿದ್ದದ್ದು ನನಗೆ ಗೊತ್ತು. ಈಗ ಚಕ್ರ ಮಾತ್ರ ಕುಣಿಯುತ್ತಿತ್ತು, ಭುಜ ಸುಮ್ಮನಿತ್ತು. ಕುಸಿದ ಫೋರ್ಕ್ ಮತ್ತೆ ಮೇಲೇಳುವ ವೇಗ ಹೊಂದಿಸುವ ರೀಬೌಂಡ್ ತಿರುಪನ್ನು ಎರಡು ಕ್ಲಿಕ್ ನಿಧಾನ ಮಾಡಿದೆವು. ಅಷ್ಟೇ ಸಾಕಾಯಿತು.

ಏರಿನಲ್ಲಿ ಅವನು ನಿಂತು, "ಮುಂದಿನ ಚಕ್ರ ಸ್ವಲ್ಪ ಎದ್ದ ಹಾಗೆ ಅನ್ಸತ್ತೆ ಚಿಕ್ಕಪ್ಪ" ಅಂದ. 15 ಮಿ.ಮೀ. ಎತ್ತರ ಮಾತಾಡುತ್ತಿತ್ತು. ಅಲ್ಲೇ ಬೇವಿನ ಮರದ ಕೆಳಗೆ ಸ್ಟೆಮ್ ಬಿಚ್ಚಿ, ಕೆಳಗಿನ 10 ಮಿ.ಮೀ. ಸ್ಪೇಸರ್ ತೆಗೆದು ಮೇಲೆ ಹಾಕಿದೆವು. ಟಾಪ್ ಕ್ಯಾಪ್, ಪರೀಕ್ಷೆ, ಎರಡು ಬೋಲ್ಟ್. ಐದು ನಿಮಿಷದ ಕೆಲಸ. ಅದೇ ಏರು ಮತ್ತೆ ಹತ್ತಿದ, ಈ ಸಲ ನಿಲ್ಲಲಿಲ್ಲ.

ಹದಿನೈದು ಕಿ.ಮೀ. ಆದ ಮೇಲೆ ಮನೆಯಲ್ಲಿ ಮತ್ತೆ ಬೆರಳಿಟ್ಟು ನೋಡಿದೆವು. ಕೆಳಗೆ ಕೂದಲೆಳೆಯಷ್ಟು ಪ್ಲೇ ಬಂದಿತ್ತು. ಹೊಸದಾಗಿ ಒತ್ತಿ ಕೂರಿಸಿದ ಕಪ್, ಬಳೆ ಮೊದಲ ಓಡಾಟದಲ್ಲಿ ಇನ್ನಷ್ಟು ಒಳಗೆ ಕೂರುತ್ತವೆ. ಸ್ಟೆಮ್ ಬೋಲ್ಟ್ ಸಡಿಲಿಸಿ, ಟಾಪ್ ಕ್ಯಾಪ್ ಚೂರೇ ಚೂರು ತಿರುಗಿಸಿ, ಮತ್ತೆ 5ಕ್ಕೆ ಬಿಗಿದೆವು. ಮುಂದಿನ ಭಾನುವಾರ ನೋಡಿದಾಗ ಅಲುಗಲಿಲ್ಲ.

ಹುಡುಗ ನೋಟ್‌ಬುಕ್‌ನ ಕೊನೆಯ ಸಾಲಿನಲ್ಲಿ ತಾರೀಕು ಬರೆದು, ಅದರ ಕೆಳಗೆ "50 ಗಂಟೆ ಓಡಿದ ಮೇಲೆ ಕಾಲುಗಳ ಎಣ್ಣೆ ಬದಲಿಸಬೇಕು" ಅಂತ ಸೇರಿಸಿದ್ದಾನೆ. ಈಗ 9 ಗಂಟೆ ಆಗಿದೆ.